ಬೆಂಗ್ರೆಯ ಕಿಟಕಿಯ ಹಿಡಿ

ಯಾರ ಮನೆಗೆ ಹೋದರೂ ನನ್ನ ಬಲಗೈಯ ಹೆಬ್ಬೆರಳು ಸುಮ್ಮನೆ ಇರುವುದಿಲ್ಲ. ಕಾಫಿ ಬರುವುದರೊಳಗೆ ಅದು ಹತ್ತಿರದ ಕಿಟಕಿಯ ಮೂಲೆಗೆ ಹೋಗಿ ಉಗುರು ಒತ್ತಿ ನೋಡಿರುತ್ತದೆ. ಬಣ್ಣ ಗಟ್ಟಿ ಇದ್ದರೆ ಉಗುರು ಜಾರುತ್ತದೆ. ಅಡಿಯಲ್ಲಿ ತುಕ್ಕು ಉಬ್ಬಿದ್ದರೆ ಹಪ್ಪಳದ ಹಾಗೆ ಒಡೆಯುತ್ತದೆ. ಕಳೆದ ಈಸ್ಟರ್‌ಗೆ ಬಿಜೈಯಲ್ಲಿರುವ ತಂಗಿಯ ಮನೆಯಲ್ಲಿ ಹಾಗೆಯೇ ಒಡೆಯಿತು. "ಅಕ್ಕ, ನೀನು ರಿಟೈರ್ ಆಗಿದ್ದೀ, ನೆನಪುಂಟಲ್ಲ?" ಎಂದು ಅವಳು ನನ್ನ ಕೈ ಹಿಡಿದು ಸೋಫಾದಲ್ಲಿ ಕೂರಿಸಿದಳು.

ಈಗ ಪಾಲಿಟೆಕ್ನಿಕ್ ಮುಗಿಸಿದ ಹುಡುಗಿಯರು ಹೆಲ್ಮೆಟ್ ಹಾಕಿಕೊಂಡು ಪೈಂಟಿಂಗ್ ಸೈಟುಗಳಿಗೆ ಸೂಪರ್‌ವೈಸರ್ ಆಗಿ ಬರುತ್ತಿದ್ದಾರೆ. ನೋಡಿದರೆ ಸಂತೋಷ, ಸ್ವಲ್ಪ ಹೊಟ್ಟೆಕಿಚ್ಚೂ ಹೌದು. ನಾವು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದವರು. ಅವರಿಗೆ ಕಂಪೆನಿಯವರು ಶೇಡ್ ಕಾರ್ಡ್ ಕಲಿಸುತ್ತಾರೆ, ಕಸ್ಟಮರ್ ಹತ್ತಿರ ನಗುತ್ತಾ ಮಾತಾಡುವುದನ್ನು ಕಲಿಸುತ್ತಾರೆ. ಹಳೆಯ ಬಣ್ಣ ತೆಗೆಯುವುದನ್ನು ಕಲಿಸುವವರು ಕಡಿಮೆ. ನನ್ನ ಸರ್ವಿಸಿನ ಹೆಚ್ಚು ಪಾಲು ಕಳೆದದ್ದು ಅದರಲ್ಲೇ, ಅದೂ ಮನೆಗಳ ಕಬ್ಬಿಣದ ಕಿಟಕಿಗಳ ಮುಂದೆ. ಆದ್ದರಿಂದ ಇಷ್ಟು ಬರೆದಿಡುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಇಂಗ್ಲಿಷಿನ ದೆಸೆಯಿಂದ. ಪಂಪ್‌ವೆಲ್ ಹತ್ತಿರದ ಒಂದು ಪೈಂಟ್ ಅಂಗಡಿಯಲ್ಲಿ ಲೆಟರ್ ಟೈಪ್ ಮಾಡಲು ಜನ ಬೇಕಿತ್ತು. ಆಗ ಅಲ್ಲಿ ಫ್ಲೈಓವರ್ ಇರಲಿಲ್ಲ. ಅಂಗಡಿಯ ಬಾಗಿಲಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು. ಅಂಗಡಿಯ ಯಜಮಾನರು ಶೆಟ್ರು, ದೊಡ್ಡ ಮನೆತನದವರು, ದೊಡ್ಡ ಸ್ವರದವರು. ಕಾನ್ವೆಂಟಿನಲ್ಲಿ ಓದಿದವಳು ಎಂದು ಮೊದಲ ದಿನವೇ ನನಗೆ "ಟೀಚರಮ್ಮ" ಎಂದು ಹೆಸರಿಟ್ಟರು. ಟೈಪಿಂಗ್ ಕೆಲಸ ಅಷ್ಟೇನೂ ಇರಲಿಲ್ಲ. ಗಿರಾಕಿಗಳು ದೂರು ತಂದಾಗೆಲ್ಲ ಶೆಟ್ರು ಡಬ್ಬವನ್ನು ನನ್ನ ಕಡೆ ತಿರುಗಿಸಿ, "ಟೀಚರಮ್ಮ, ಇದರ ಬೆನ್ನಿನಲ್ಲಿ ಎಂತ ಬರ್ದಿದ್ದಾನೆ, ಓದಿ ಹೇಳಿ" ಎನ್ನುತ್ತಿದ್ದರು.

ನಾನು ಓದುತ್ತಿದ್ದೆ. ಯಾವ ಕಂಪೆನಿಯ ಡಬ್ಬವಾದರೂ ಮೊದಲ ಸಾಲು ಒಂದೇ. ಮೇಲ್ಮೈ ಒಣಗಿರಬೇಕು, ಸ್ವಚ್ಛವಾಗಿರಬೇಕು, ಸಡಿಲ ಬಣ್ಣ ಮತ್ತು ತುಕ್ಕು ಪೂರ್ತಿ ತೆಗೆದಿರಬೇಕು. ಸರ್ಫೇಸ್ ಪ್ರಿಪರೇಶನ್. ಗಿರಾಕಿಗಳು ಆ ಸಾಲನ್ನು, ಚರ್ಚಿನಲ್ಲಿ ಮಾಸ್ ಮುಗಿದ ಮೇಲಿನ ಅನೌನ್ಸ್‌ಮೆಂಟ್ ಕೇಳುವವರ ಹಾಗೆ, ಹೊರಗೆ ನೋಡುತ್ತಾ ಕೇಳುತ್ತಿದ್ದರು.

ನಮ್ಮ ಊರಿನಲ್ಲಿ ಬಣ್ಣದ ಒಂದು ಕೋಟ್‌ಗೆ ಒಂದು ಕೈ ಎನ್ನುತ್ತಾರೆ. ಮನೆಯಲ್ಲಿ ಮದುವೆ ಬಂತು, ಮದುವೆಯ ಮುನ್ನಾದಿನದ ರೋಸ್ ಬಂತು, ಗೃಹಪ್ರವೇಶ ಬಂತು, "ಕಿಟಕಿಗೆ ಇನ್ನೊಂದು ಕೈ ಹೊಡೀರಿ." ಕೆಳಗಿನದ್ದನ್ನು ತೆಗೆಯುವ ಮಾತೇ ಇಲ್ಲ. ಉಪ್ಪುಗಾಳಿಗೆ ಕಬ್ಬಿಣ ಒಳಗಿಂದ ಬಿರಿಯುತ್ತಾ ಇರುತ್ತದೆ, ಮೇಲಿಂದ ಕೈ ಮೇಲೆ ಕೈ ಬೀಳುತ್ತಾ ಇರುತ್ತದೆ. ಕೊನೆಗೆ ಕಿಟಕಿಯ ಬಾಗಿಲು ಚೌಕಟ್ಟಿಗೆ ಅಂಟಿ ಹೋಗುತ್ತದೆ. ಆಮೇಲೆ ಮನೆಯವರು ಆ ಕಿಟಕಿ ಮೊದಲಿನಿಂದಲೂ ತೆರೆಯುತ್ತಿರಲಿಲ್ಲ ಎಂದು ನಂಬಿಬಿಡುತ್ತಾರೆ.

ನನ್ನ ಮಟ್ಟಿಗೆ ಕಿಟಕಿ ತೆರೆಯದಿರುವುದು ಸಹಿಸಲಾಗದ ವಿಷಯ. ಬೋರ್ಡಿಂಗಿನಲ್ಲಿದ್ದಾಗ ಸಿಸ್ಟರ್ ಫಿಲೋಮಿನಾ ಮಳೆಗಾಲಕ್ಕೆ ಮುಂಚೆ ನಮ್ಮ ಕೈಗೆ ಚಾಪೆಲಿನ ಮೋಂಬತ್ತಿಯ ತುಂಡು ಕೊಟ್ಟು ಡಾರ್ಮಿಟರಿಯ ಕಿಟಕಿಗಳ ಅಂಚಿಗೆಲ್ಲ ಉಜ್ಜಿಸುತ್ತಿದ್ದರು, ಬಾಗಿಲು ಅಂಟದಿರಲಿ ಎಂದು. "ಕಿಟಕಿ ಹೇಳಿದ ಮಾತು ಕೇಳಬೇಕು, ಗರ್ಲ್ಸ್" ಎನ್ನುತ್ತಿದ್ದರು. ಆ ಉದ್ದನೆಯ ಡಾರ್ಮಿಟರಿ, ಬಿಳಿ ಬೆಡ್‌ಶೀಟುಗಳು, ಕಿಟಕಿಗಳನ್ನೆಲ್ಲ ಒಟ್ಟಿಗೆ ತೆರೆದಾಗ ಬರುತ್ತಿದ್ದ ಮಳೆಯ ವಾಸನೆ ಈಗಲೂ ಒಮ್ಮೊಮ್ಮೆ ಹಾಗೇ ಬಂದು ಹೋಗುತ್ತದೆ.

ಡಬ್ಬ ಓದುತ್ತಿದ್ದ ನನ್ನನ್ನು ಶೆಟ್ರು ಸೈಟಿಗೆ ಕಳಿಸಲು ಶುರು ಮಾಡಿದ್ದು ಒಂದು ಎಡವಟ್ಟಿನ ನಂತರ. ಆಗ ಬಣ್ಣ ಸುಡಲು ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಇತ್ತು. ಕೊಟ್ಟಾರದ ಒಂದು ಮನೆಯಲ್ಲಿ ಶೆಟ್ರು ತಾವೇ ಪಂಚೆ ಎತ್ತಿ ಕಟ್ಟಿ, "ಇಗ, ಹೀಗೆ" ಎಂದು ಕೆಲಸದವರಿಗೆ ತೋರಿಸಲು ಹೋದರು. ಕಬ್ಬಿಣ ಬಿಸಿಯಾದರೆ ಅದಕ್ಕೆ ಕೂತ ಗಾಜಿಗೂ ಬಿಸಿ ಹೋಗುತ್ತದೆ ಎಂಬುದು ಅವರ ತಲೆಗೆ ಬರಲಿಲ್ಲ. ಟಪ್ ಎಂದು ಒಂದು ಗಾಜು ಬಿರಿಯಿತು. ಶೆಟ್ರು ಪಕ್ಕದ ಕಿಟಕಿಗೆ ಹೋದರು. ಅದೂ ಟಪ್. ಒಳಗಿಂದ ಆ ಮನೆಯ ಅಜ್ಜಿ, "ಯಾರದು ಕಲ್ಲು ಹೊಡೆಯುದು?" ಎಂದು ಕೂಗಿದರು. "ಕಲ್ಲಲ್ಲ ಅಮ್ಮ, ಪೈಂಟಿಂಗ್" ಎಂದರು ಶೆಟ್ರು, ತುಂಬ ಗೌರವದಿಂದ.

ಇನ್ನೊಂದು ಪಾಠ ಕಲಿಸಿದ್ದು ಕಡಲಿನ ಗಾಳಿ. ತಣ್ಣೀರುಬಾವಿಯ ಕಡೆಯ ಒಂದು ಮನೆಯಲ್ಲಿ ಕಿಟಕಿಗಳನ್ನೆಲ್ಲ ಕೆರೆದು ಬೆಳ್ಳಿಯ ಹಾಗೆ ಹೊಳೆಯಿಸಿದ್ದೆವು. ಪ್ರೈಮರ್ ನಾಳೆ ಹೊಡೆದರಾಯ್ತು ಎಂದು ಶೆಟ್ರು ಎಲ್ಲರನ್ನೂ ಮನೆಗೆ ಕಳಿಸಿದರು. ಬೆಳಿಗ್ಗೆ ನೋಡಿದರೆ ಕಿಟಕಿಗಳು ಅರಿಶಿನ ಹಚ್ಚಿಕೊಂಡ ಹಾಗೆ ನಿಂತಿದ್ದವು. ಬೆತ್ತಲೆ ಕಬ್ಬಿಣ ನಮ್ಮ ಊರಿನಲ್ಲಿ ಒಂದು ರಾತ್ರಿಯನ್ನೂ ತಡೆಯುವುದಿಲ್ಲ. ಸಂಜೆಯೊಳಗೆ ಪ್ರೈಮರ್ ಹೊಡೆಯಲು ಆಗುವಷ್ಟನ್ನು ಮಾತ್ರ ಬೆಳಿಗ್ಗೆ ಕೆರೆಯಬೇಕು. ಇದನ್ನು ನೀವು ಬೇರೆ ಎಲ್ಲೂ ಕಲಿಯದಿದ್ದರೂ ಇಲ್ಲಿ ಕಲಿತುಕೊಳ್ಳಿ.

ಆಮೇಲೆ ಬ್ಲೋ ಲ್ಯಾಂಪ್ ಹೋಯಿತು, ಹಚ್ಚಿದರೆ ಬಣ್ಣ ಸುಕ್ಕುಗಟ್ಟುವ ರಿಮೂವರ್ ಬಂತು, ಹೀಟ್ ಗನ್ ಬಂತು. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಅದರ ಹುಡಿ ಮಕ್ಕಳಿಗೆ ವಿಷ ಎಂದು ನಮಗೆ ತಿಳಿದದ್ದು ಎಷ್ಟೋ ತಡವಾಗಿ. ಅಲ್ಲಿಯ ತನಕ ಒಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಅದೇ ಕೈಯಲ್ಲಿ ಬನ್ಸ್ ತಿಂದವರು ನಾವು. ಈಗ ನಿಮಗೆ ಮಾಸ್ಕ್ ಕೊಡುತ್ತಾರೆ. ಸೆಕೆ ಎಂದು ಅದನ್ನು ಗದ್ದಕ್ಕೆ ಇಳಿಸಬೇಡಿ.

ಬೆಂಗ್ರೆಯ ಕೆಲಸ ಬಂದದ್ದು ನಾನು ರಿಟೈರ್ ಆಗುವ ಸ್ವಲ್ಪ ಮೊದಲು, ಮಳೆ ಬಿಟ್ಟ ಮೇಲೆ. ಬಂದರಿನಿಂದ ಫೆರಿಯಲ್ಲಿ ಹೊಳೆ ದಾಟಿದರೆ ಬೆಂಗ್ರೆ. ಈಚೆ ಹೊಳೆ, ಆಚೆ ಕಡಲು, ನಡುವೆ ಮರಳು ಮತ್ತು ಮನೆಗಳು. ಅಲ್ಲಿಂದ ಮೀನಿನ ವ್ಯಾಪಾರದ ಪ್ರೇಮಾ ಅಂಗಡಿಗೆ ಬಂದಿದ್ದಳು. ನಮ್ಮ ಮಾತು ನಡೆದದ್ದೆಲ್ಲ ತುಳುವಿನಲ್ಲಿ. ಇಲ್ಲಿ ನಮ್ಮ ಊರ ಕನ್ನಡಕ್ಕೆ ತಂದಿದ್ದೇನೆ.

"ಮಾವ ಮಲಗಿದಲ್ಲೇ ಇದ್ದಾರೆ ಬಾಯಮ್ಮ. ಸ್ಟ್ರೋಕ್ ಆಗಿ ಬಲಬದಿ ಬರುದಿಲ್ಲ" ಎಂದಳು. ಕ್ರಿಶ್ಚನ್ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು, ಬಾಯಮ್ಮ ಎಂದು. "ಕೋಣೆಯಲ್ಲಿ ಒಂದೇ ಕಿಟಕಿ, ಕಡಲಿನ ಬದಿಗೆ. ಅದು ತೆರೆಯುದೇ ಇಲ್ಲ. ಡಾಕ್ಟ್ರು ಗಾಳಿ ಬೇಕು ಅಂತಾರೆ. ಅಲ್ಯೂಮಿನಿಯಂ ಹಾಕ್ಸುವ ಅಂದ್ರೆ ಮಾವ ಗೋಡೆ ಮುಟ್ಲಿಕ್ಕೆ ಬಿಡುದಿಲ್ಲ."

ನಾನೂ ಲಲಿತಾಳೂ ಹೋದೆವು. ಲಲಿತಾ ನನ್ನ ಜೊತೆ ಬಹಳ ಕಾಲ ಬಣ್ಣ ಕೆರೆದವಳು. ಅವಳಿಗೆ ಕೈಗಿಂತ ಬಾಯಿ ಚುರುಕು, ಕೈಯೇನೂ ನಿಧಾನವಲ್ಲ. ಕೋಣೆಯಲ್ಲಿ ಪ್ರೇಮಾಳ ಮಾವ ದೂಮಪ್ಪಣ್ಣ ಮಂಚದ ಮೇಲೆ ಮಲಗಿ ಕಿಟಕಿಯನ್ನೇ ನೋಡುತ್ತಿದ್ದರು. ಜೀವಮಾನವಿಡೀ ಕಡಲಿಗೆ ಹೋದವರು. ಕಡಲು ಅಷ್ಟು ಹತ್ತಿರ ಇದ್ದೂ ಆ ಕೋಣೆಯೊಳಗೆ ಅದರ ಶಬ್ದ ದೂರದಲ್ಲೆಲ್ಲೋ ಬಸ್ಸು ಹೋದಷ್ಟೇ ಕೇಳುತ್ತಿತ್ತು.

ಹೆಬ್ಬೆರಳಿನ ಉಗುರು ಒತ್ತಿದೆ. ಅದು ಜಾರಲೂ ಇಲ್ಲ, ಬಣ್ಣ ಒಡೆಯಲೂ ಇಲ್ಲ. ಸೋಪಿನೊಳಗೆ ಹೋದ ಹಾಗೆ ಮೆಲ್ಲನೆ ಒಳಗೆ ಹೋಯಿತು. ಉಗುರಿನಡಿಯಲ್ಲಿ ಕೆಂಪು.

"ದೂಮಪ್ಪಣ್ಣ, ಇದು ಬೋಟಿನ ಅಡಿಗೆ ಹಚ್ಚುವ ಬಣ್ಣ ಅಲ್ವಾ?"

"ಮತ್ತೆಂತ?" ಎಂದರು. ಮಾತು ಸ್ವಲ್ಪ ತೊದಲುತ್ತಿತ್ತು, ಅರ್ಥವಾಗುತ್ತಿತ್ತು. "ಕಡಲ ನೀರಿಗೇ ಬಗ್ಗದ ಬಣ್ಣ. ಮನೆ ಕಿಟಕಿಗೆ ಸಾಲದಾ?"

ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಬೋಟನ್ನು ಮೇಲಕ್ಕೆಳೆದು ಬಣ್ಣ ಹೊಡೆಯುತ್ತಾರೆ. ಡಬ್ಬದಲ್ಲಿ ಉಳಿದದ್ದು ಆ ಮನೆಯಲ್ಲಿ ಪ್ರತಿ ವರ್ಷ ಕಿಟಕಿಗೆ, ಇನ್ನೊಂದು ಕೈ. ಬೋಟಿನ ಮೇಲ್ಭಾಗದ ನೀಲಿ, ಹಸಿರು ಮುಗಿದು ಹೋದರೆ ತಳದ ಕೆಂಪು. ಅವರ ಲೆಕ್ಕ ಕೇಳಲಿಕ್ಕೆ ಸರಿಯೇ ಇತ್ತು. ಆದರೆ ಆ ಕೆಂಪು ಬಣ್ಣ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ವಿಷ ಬಿಡಲೆಂದೇ ಮಾಡಿದ್ದು, ಬೋಟಿನ ತಳಕ್ಕೆ ಚಿಪ್ಪು ಹಿಡಿಯಬಾರದೆಂದು. ಅದರಲ್ಲಿರುವ ತಾಮ್ರ ಕಬ್ಬಿಣವನ್ನೇ ತಿನ್ನುತ್ತದೆ. ಅದನ್ನು ಹೀಟ್ ಗನ್ನಿನಲ್ಲಿ ಕಾಯಿಸಬಾರದು, ಒಣದಾಗಿ ಉಜ್ಜಲೂಬಾರದು. ನೀರು ಹಾಕಿ ಒದ್ದೆಯಾಗಿಯೇ ಕೆರೆಯಬೇಕು, ಉಳಿದದ್ದಕ್ಕೆ ರಿಮೂವರ್ ಹಚ್ಚಬೇಕು, ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಮಲಗಿರಬಾರದು.

ಅದನ್ನು ಹೇಳುತ್ತಾ ನಾನು ಬ್ಯಾಗಿನಿಂದ ಅಳತೆಯ ಟೇಪ್ ತೆಗೆದೆ. ದೂಮಪ್ಪಣ್ಣನ ಮುಖ ಬದಲಾಯಿತು.

"ಗೊತ್ತಾಯ್ತು" ಎಂದರು. "ಬೋಟು ಮಾರಿದ್ರು. ಈಗ ಕೋಣೆ."

ಪ್ರೇಮಾ ಬಾಗಿಲಲ್ಲಿ ನಿಂತಿದ್ದಳು. "ಎಂತ ಮಾತಾಡ್ತೀರಿ ಮಾವ?"

"ಮೊನ್ನೆ ಟೇಪ್ ಹಿಡಿದು ಬಂದದ್ದು ಯಾರು? ಫ್ರೀಝರ್ ಇಡ್ಲಿಕ್ಕೆ ಆಗ್ತದಾ ಅಂತ."

"ಅದು ಒಮ್ಮೆ ನೋಡಿದ್ದು ಮಾತ್ರ."

"ನೋಡುದು ಕಣ್ಣಿನಲ್ಲಿ. ಟೇಪಿನಲ್ಲಿ ಅಳೆಯುದು. ನನ್ನನ್ನು ಹೊರಗೆ ಹಾಕಿದ ಮೇಲೆ ವಾಪಸ್ ತರುವವರು ಯಾರು?" ಎಂದು ಅವರು ಎಡಗೈಯಿಂದ ಮಂಚದ ಕಂಬಿಯನ್ನು ಹಿಡಿದುಕೊಂಡರು.

ಇಂಥ ಹೊತ್ತಿನಲ್ಲಿ ಡಬ್ಬದ ಬೆನ್ನಿನಲ್ಲಿ ಏನೂ ಬರೆದಿರುವುದಿಲ್ಲ. ಹೊರಗೆ ಬಂದು ಶೆಟ್ರಿಗೆ ಫೋನ್ ಮಾಡಿದೆ. "ಟೀಚರಮ್ಮ, ಹೊರಗಿನಿಂದ ಇನ್ನೊಂದು ಕೈ ಹೊಡೆದು ಬನ್ನಿ ಮಾರಾಯ್ರೆ. ಚಂದ ಕಂಡ್ರೆ ಸಾಕು" ಎಂದರು. ವರ್ಷಗಟ್ಟಲೆ ನನ್ನಿಂದ ಡಬ್ಬ ಓದಿಸಿಕೊಂಡ ಮನುಷ್ಯ.

ವಾಪಸ್ ಬಂದಾಗ ಲಲಿತಾ ಸುಮ್ಮನಿರಲಾರದೆ ಕಿಟಕಿಯ ಹಿಡಿಗೆ ಸೀಮೆಎಣ್ಣೆ ಬಿಟ್ಟು, ಸ್ಕ್ರೂ ಸಡಿಲಿಸಿ, ಅದನ್ನು ಬಿಚ್ಚಿಬಿಟ್ಟಿದ್ದಳು. ಬಣ್ಣ ದಪ್ಪಗಟ್ಟಿ ಬೆಲ್ಲದ ಅಚ್ಚಿನ ಹಾಗೆ ಕಾಣುತ್ತಿತ್ತು. ನಾನು ಅದನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ದೂಮಪ್ಪಣ್ಣನ ಎಡಗೈಯ ಪಕ್ಕ ಹಾಸಿಗೆಯ ಮೇಲಿಟ್ಟೆ.

"ಇದು ನಿಮ್ಮ ಹತ್ತಿರ ಇರ್ಲಿ. ಇದನ್ನು ಕೂಡಿಸದೆ ಕಿಟಕಿ ಮುಗಿಯುದಿಲ್ಲ. ಕೂಡಿಸ್ಲಿಕ್ಕೆ ನೀವು ಈ ಕೋಣೆಗೆ ವಾಪಸ್ ಬರ್ಬೇಕು. ಬಾರದಿದ್ರೆ ನನ್ನ ಕೆಲಸ ಅರ್ಧಕ್ಕೆ ನಿಂತ ಹಾಗೆ."

ಅವರು ಅದನ್ನು ಕಣ್ಣಿನಲ್ಲೇ ತೂಗಿ ನೋಡಿದರು. "ಪೇಟೆಯಲ್ಲಿ ಬೇರೆ ಸಿಗುದಿಲ್ವಾ?"

"ಈ ಮಾದರಿ ಈಗ ಬರುದಿಲ್ಲ. ಬಂದರಿನ ಗುಜರಿಯಲ್ಲಿ ಹುಡುಕಿದ್ರೂ ಸಿಗ್ಲಿಕ್ಕಿಲ್ಲ."

"ಸತ್ಯವಾ?"

"ಸತ್ಯ."

ದೂಮಪ್ಪಣ್ಣ ಮಂಚದ ಕಂಬಿ ಬಿಟ್ಟು ಹಿಡಿಯನ್ನು ಎತ್ತಿಕೊಂಡರು. ಒಂದು ಕೈಯಲ್ಲಿ ಎರಡನ್ನೂ ಹಿಡಿಯಲು ಆಗುವುದಿಲ್ಲವಲ್ಲ. "ನನ್ನನ್ನು ಚಾವಡಿಗೆ ತೆಗೊಂಡು ಹೋಗಿ" ಎಂದರು.

ಕಿಟಕಿಯ ಬಾಗಿಲನ್ನು ಬಿಜಾಗರಿಯಿಂದ ಬಿಡಿಸಿ ಅಂಗಳಕ್ಕೆ ತಂದೆವು. ಟಾರ್ಪಾಲು ಹಾಸಿ, ನೀರು ಚಿಮುಕಿಸಿ ಚಿಮುಕಿಸಿ ಲಲಿತಾ ಕೆರೆಯತೊಡಗಿದಳು. ಕೆರೆದದ್ದು ಹೊಳೆಗೂ ಬೀಳಬಾರದು, ಮರಳಿಗೂ ಬೀಳಬಾರದು. ಅಷ್ಟನ್ನೂ ಚೀಲ ಕಟ್ಟಿ ಪೇಟೆಗೆ ತಂದೆವು. ಮನೆಯ ಮುಂಭಾಗದ ಚಾವಡಿಯಿಂದ ದೂಮಪ್ಪಣ್ಣ ಎಲ್ಲ ನೋಡುತ್ತಿದ್ದರು, ಗಾಳಿ ಬೀಸಿ ಬರುವ ಬದಿಯಲ್ಲಿ, ಹಿಡಿ ಎದೆಯ ಮೇಲೆ.

"ಮೆಲ್ಲ, ಮೆಲ್ಲ. ಮೀನಿನ ಹೊಟ್ಟೆ ತೆಗೆಯುದು ಗೊತ್ತಿಲ್ವಾ ನಿಂಗೆ?"

"ನಾನು ಮೀನು ತಿನ್ನುವವಳು ಅಣ್ಣ, ಹೊಟ್ಟೆ ತೆಗೆಯುದು ಅತ್ತೆ" ಎಂದಳು ಲಲಿತಾ.

"ಹಾಗಾದ್ರೆ ಅತ್ತೆಯನ್ನು ಕರ್ಕೊಂಡು ಬಾ."

ಕೆಂಪಿನ ಅಡಿಯಲ್ಲಿ ಹಸಿರು ಬಂತು. ಲಲಿತಾ ಹಸಿರು ಎಂದಳು. "ಹಸಿರಲ್ಲ. ನೀಲಿ ಸಾಲದೆ ಹಳದಿ ಬೆರೆಸಿದ್ದು. ಪ್ರೇಮಾ ಮದುವೆಯಾಗಿ ಬಂದ ವರ್ಷ" ಎಂದರು ದೂಮಪ್ಪಣ್ಣ. ಪ್ರೇಮಾ ಬುಟ್ಟಿ ತೊಳೆಯುತ್ತಿದ್ದವಳು ತಲೆ ಎತ್ತಿದಳು. "ನಾನು ಬರುವಾಗ ಈ ಕಿಟಕಿ ತೆರೆಯುತ್ತಿತ್ತು ಹೌದಾ?" ಎಂದು ಕೇಳಿದಳು, ಯಾರನ್ನೆಂದಿಲ್ಲದೆ.

ಮಧ್ಯಾಹ್ನ ಊಟದ ಹೊತ್ತಿಗೆ ಹಿಡಿ ಬಿಡಲು ದೂಮಪ್ಪಣ್ಣ ಒಪ್ಪಲಿಲ್ಲ. ನಡೆಯುವ ಕೈ ಒಂದೇ, ಅದರಲ್ಲಿ ಹಿಡಿ. "ಊಟ ಎಂತರಲ್ಲಿ ಮಾಡುದು?" ಎಂದು ಪ್ರೇಮಾ ಬೈದಳು. ಕೊನೆಗೆ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ತಾನೇ ಗಂಜಿ ಕುಡಿಸಿದಳು.

ಬಾಗಿಲಿಗೆ ಆ ಸಂಜೆಯೇ ಪ್ರೈಮರ್ ಹೊಡೆದೆವು. ಚೌಕಟ್ಟಿನ ಕೆಲಸ ಮರುದಿನಕ್ಕಿತ್ತು. ಬೆಳಿಗ್ಗೆ ನಾವು ಫೆರಿ ಇಳಿದು ಬರುವಷ್ಟರಲ್ಲಿ ಖಾಲಿ ಕೋಣೆಯಲ್ಲಿ ದೊಡ್ಡದೊಂದು ಐಸಿನ ಪೆಟ್ಟಿಗೆ ಬಂದು ಕೂತಿತ್ತು. ಅದನ್ನು ನೆಲದಲ್ಲಿ ಎಳೆದ ಶಬ್ದ ಚಾವಡಿಗೆ ಕೇಳದೆ ಇರಲು ಸಾಧ್ಯವೇ ಇರಲಿಲ್ಲ. ದೂಮಪ್ಪಣ್ಣ ನನ್ನನ್ನು ಕಂಡು ಮುಖವನ್ನು ಗೋಡೆಗೆ ತಿರುಗಿಸಿದರು. ಹಿಡಿಯನ್ನು ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು.

ಪ್ರೇಮಾಳನ್ನು ಹಿತ್ತಿಲಿಗೆ ಕರೆದೆ. "ಇದು ಬೇಕಿತ್ತಾ?"

"ಒಂದು ದಿನಕ್ಕೆ ಬಾಯಮ್ಮ. ಇವತ್ತು ಮೀನು ಜಾಸ್ತಿ ಬಂತು, ಬಿಸಿಲಿಗೆ ಇಟ್ರೆ ಹೋಗ್ತದೆ. ನನಗೂ ಜಾಗ ಬೇಕಲ್ಲ? ಎಲ್ರೂ ಮಾವನ ಕೋಣೆ ಮಾವನ ಕೋಣೆ ಅಂತಾರೆ, ನಾನು ಎಲ್ಲಿ ಇಡುದು ಅಂತ ಯಾರೂ ಕೇಳುದಿಲ್ಲ." ಅವಳ ಕಣ್ಣು ತುಂಬಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೇ ಒಳಗೆ ಹೋಗಿ ಪೆಟ್ಟಿಗೆಯನ್ನು ಎಳೆದು ತಂದಳು, ಚಾವಡಿಯ ನಡುವಿನಿಂದಲೇ, ಮಾವನ ಕಣ್ಣೆದುರು, ನೆಲದ ಮೇಲೆ ಒದ್ದೆಯ ಗೆರೆ ಬಿಡುತ್ತಾ. ಅವರ ಮಂಚದ ಕಾಲಿನ ಬದಿಯಲ್ಲಿ ಅದನ್ನು ನಿಲ್ಲಿಸಿ, "ಇಲ್ಲಿ ಇರ್ತದೆ" ಎಂದಳು. ದೂಮಪ್ಪಣ್ಣ ಪೆಟ್ಟಿಗೆಯನ್ನು ನೋಡಿದರು, ಅವಳನ್ನು ನೋಡಿದರು. "ಬಿಸಿಲು ಬೀಳ್ತದೆ ಅಲ್ಲಿ. ಗೋಡೆಗೆ ತಾಗಿಸು" ಎಂದರು.

ಆ ಸಂಜೆ ಬೆಳಕಿರುವಾಗಲೇ ಚೌಕಟ್ಟನ್ನೂ ಕೆರೆದು ಪ್ರೈಮರ್ ಮುಗಿಸಿದೆವು. ಆಮೇಲೆ ಎನಾಮಲ್, ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು. ಬಾಗಿಲು ಚೌಕಟ್ಟಿಗೆ ತಾಗುವ ಅಂಚಿಗೆ ಯಾವತ್ತೂ ದಪ್ಪ ಬಳಿಯಬೇಡಿ. ಪೂರ್ತಿ ಒಣಗಿದ ಮೇಲೆ ನಾನು ಬ್ಯಾಗಿನಿಂದ ಮೋಂಬತ್ತಿಯ ತುಂಡು ತೆಗೆದು ಆ ಅಂಚಿಗೆಲ್ಲ ಉಜ್ಜಿದೆ. "ಇದೆಂತ ಬಾಯಮ್ಮ, ನಿಮ್ಮ ಇಗರ್ಜಿಯ ಪೂಜೆಯಾ?" ಎಂದು ಪ್ರೇಮಾ ಕೇಳಿದಳು. ಹೌದೆಂದೆ.

ಬಣ್ಣದ ವಾಸನೆ ಹೋದ ಮೇಲೆ ನೆರೆಮನೆಯವರು ದೂಮಪ್ಪಣ್ಣನನ್ನು ಕೋಣೆಗೆ ಎತ್ತಿಕೊಂಡು ಬಂದರು. ನಾನು ಸ್ಕ್ರೂಡ್ರೈವರ್ ಹಿಡಿದು ಕೈ ಚಾಚಿದೆ. ಅವರು ಕೊಡಲಿಲ್ಲ.

"ಮೊದಲು ಮಂಚ."

ಮಂಚ ಬಂತು, ಕಿಟಕಿಯ ಪಕ್ಕದಲ್ಲೇ ಇಟ್ಟರು. ಅವರನ್ನು ಮಲಗಿಸಿದರು. ತಲೆದಿಂಬು ಸರಿ ಮಾಡಿಸಿಕೊಂಡು, ಸುತ್ತ ಒಮ್ಮೆ ನೋಡಿ, ಆಮೇಲೆ ಹಿಡಿಯನ್ನು ನನ್ನ ಕೈಗೆ ಕೊಟ್ಟರು. ಪ್ಲಾಸ್ಟಿಕ್ ಬೆಚ್ಚಗಿತ್ತು. ಲಲಿತಾ ಅದನ್ನು ಅಂಗಳಕ್ಕೆ ಒಯ್ದು ಕೆರೆದು ತೊಳೆದು ತಂದಳು. ಅಡಿಯಲ್ಲಿ ಇದ್ದದ್ದು ಹಿತ್ತಾಳೆ. ಸ್ಕ್ರೂ ಬಿಗಿದೆ.

"ತೆರೆಯಿರಿ" ಎಂದೆ.

ಅವರು ಎಡಗೈ ಎತ್ತಿ ಹಿಡಿಯನ್ನು ತಿರುಗಿಸಿದರು. ಟಕ್. ಬಾಗಿಲು ಒಂದು ಮಾತೂ ಆಡದೆ ಹೊರಕ್ಕೆ ಹೋಯಿತು, ಕಡಲಿನ ಶಬ್ದ ಒಳಕ್ಕೆ ಬಂತು. ಅವರ ತಲೆಯ ಬಿಳಿ ಕೂದಲು ಅಲ್ಲಾಡಿತು. ಅವರು ಏನಾದರೂ ಹೇಳಬಹುದೆಂದು ನಾವೆಲ್ಲ ಕಾದೆವು. ಅವರು ಕೈ ಚಾಚಿ ಕಿಟಕಿಯನ್ನು ಮುಚ್ಚಿಬಿಟ್ಟರು.

"ಎಂತ ಮಾವ? ಗಾಳಿಗೇ ಅಲ್ವಾ ಇಷ್ಟೆಲ್ಲ ಮಾಡಿದ್ದು? ತೆರೆದಿಡಿ."

"ಇರು" ಎಂದರು. ಮತ್ತೆ ತೆರೆದರು. ಮತ್ತೆ ಮುಚ್ಚಿದರು. ಕಿಟಕಿ ಹೇಳಿದ ಮಾತು ಕೇಳುತ್ತಿತ್ತು.

ರಿಟೈರ್ ಆದ ವರ್ಷ ಕ್ರಿಸ್ಮಸ್ ಮುಗಿದ ಮೇಲೆ ಹಬ್ಬದ ತಿಂಡಿ ಕುಸ್ವಾರಿನ ಡಬ್ಬ ಹಿಡಿದುಕೊಂಡು ಬೆಂಗ್ರೆಗೆ ಹೋದೆ. ಚಾವಡಿಯಲ್ಲಿ ಗೋಡೆಗೆ ತಾಗಿ ಹೊಸ ಫ್ರೀಝರ್ ಗುಂಯ್ಗುಡುತ್ತಿತ್ತು, ಮೇಲೆ ಹೂವಿನ ಬಟ್ಟೆ ಹೊದೆಸಿದ್ದರು. ಪ್ರೇಮಾ ಹಿತ್ತಿಲಲ್ಲಿ ಕೂತು ಮೀನು ಕೊಯ್ಯುತ್ತಿದ್ದಳು.

"ನೀವು ಮಾಡಿಕೊಟ್ಟದ್ದು ಎಂಥ ಕೆಲಸ ಬಾಯಮ್ಮ" ಎಂದಳು. "ಇಡೀ ದಿನ ಟಕ್, ಟಕ್. ತೆರೆಯುದು, ಮುಚ್ಚುದು. ಬೋಟು ಹೋದ್ರೆ ತೆರೆಯುದು, ಕಾಗೆ ಬಂದ್ರೆ ಮುಚ್ಚುದು. ತಲೆ ಕೆಡ್ತದೆ."

"ಹಿಡಿಯ ಅಡಿಗೆ ಒಂದು ರಬ್ಬರ್ ಹಾಕಿ ಕೊಡ್ತೇನೆ. ಶಬ್ದ ಬರ್ಲಿಕ್ಕಿಲ್ಲ."

"ಬೇಡ, ಬೇಡ" ಎಂದಳು, ಕತ್ತಿ ನಿಲ್ಲಿಸಿ.

ಆಗಲೇ ಒಳಗಿಂದ ಟಕ್ ಎಂದು ಕೇಳಿತು. ಪ್ರೇಮಾ ತಲೆ ಎತ್ತಲಿಲ್ಲ. "ಹಾಂ, ಎದ್ರು" ಎಂದು ಕೈ ತೊಳೆದುಕೊಂಡು ಚಾಯ್ ಇಡಲು ಒಳಗೆ ಹೋದಳು.